ವಾಸನೆಯಿಲ್ಲದ್ದು

ಮನೆಯಿಂದ ಹೊರಗೆ ಕಾಲಿಟ್ಟರೆ ತಲೆನೋವು ಬಿಟ್ಟುಹೋಗುತ್ತದೆ ಎಂಬುದನ್ನು ಸಿಂಧೂರ ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವಂಥ ಸಂಗತಿಯೂ ಅದಾಗಿರಲಿಲ್ಲ. ಅತ್ತೆ ಇಂದಿರಮ್ಮ ಮೈಸೂರಿನಿಂದ ಬಂದು ಎರಡೂವರೆ ತಿಂಗಳಾಗಿತ್ತು, ತಲೆನೋವು ಶುರುವಾಗಿ ಹತ್ತಿರ ಹತ್ತಿರ ಎರಡು ತಿಂಗಳು. ಕಾಲುವೆಯ ದಂಡೆಗೆ ಹೋಗಿ ಅರ್ಧ ಗಂಟೆ ಅಡ್ಡಾಡಿದರೆ ಹಣೆಗೆ ಬಿಗಿದ ಪಟ್ಟಿ ಸಡಿಲಾಗುತ್ತದೆ, ಹೊಟ್ಟೆ ತೊಳಸುವುದು ನಿಲ್ಲುತ್ತದೆ, ಮನೆಗೆ ಮರಳಿದ ಸ್ವಲ್ಪ ಹೊತ್ತಿಗೆ ಎಲ್ಲವೂ ಮತ್ತೆ ಹಾಜರಾಗುತ್ತದೆ ಎಂದರೆ ಕೇಳಿದವರು ಏನೆಂದುಕೊಂಡಾರು? ಅವಳೇ ಏನೆಂದುಕೊಂಡಿದ್ದಳೋ ಅದನ್ನೇ. ತನ್ನೊಳಗೆ ಎಲ್ಲೋ ಒಬ್ಬ ಕೆಟ್ಟ ಸೊಸೆ ಕೂತಿದ್ದಾಳೆ, ಬಾಯಲ್ಲಿ ‘ಕಾಫಿ ಕೊಡ್ಲಾ ಅತ್ತೆ’ ಎನ್ನುತ್ತ ಒಳಗೊಳಗೇ ಆ ಮುದುಕಿ ಇದೇ ಸೂರಿನಡಿ ಉಸಿರಾಡುತ್ತಿರುವುದನ್ನು ಸಹಿಸಲಾರದೆ ತಲೆ ಚಚ್ಚಿಕೊಳ್ಳುತ್ತಿದ್ದಾಳೆ ಎಂದು. ಹಾಗೆ ನೋಡಿದರೆ ಇಂದಿರಮ್ಮ ಅಂಥ ಕಾಟ ಕೊಡುವ ಹೆಂಗಸೇನಲ್ಲ. ಮಾತು ಸ್ವಲ್ಪ ಜಾಸ್ತಿ, ಮಡಿ ಸ್ವಲ್ಪ ಜಾಸ್ತಿ, ಅಷ್ಟೆ. ನಾಳೆ, ಮಾರ್ಚ್ ಇಪ್ಪತ್ತಾರಕ್ಕೆ, ಆಕೆಯ ವಾಪಸು ಟಿಕೆಟ್ ಇತ್ತು. ಕಳೆದ ವಾರ ಭಾರತಕ್ಕೆ ಹೋಗುವ ವಿಮಾನಗಳೆಲ್ಲ ನಿಂತಾಗ ಸಿಂಧೂರಳ ಎದೆ ಒಮ್ಮೆ ಧಸಕ್ಕೆಂದಿತ್ತು, ಆಮೇಲೆ ಹಾಗೆ ಎಂದುದಕ್ಕೆ ನಾಚಿಕೆಯಾಗಿ ಎರಡು ದಿನ ಅತ್ತೆಯ ಕಾಲು ಒತ್ತಿದ್ದಳು. ಭಾನುವಾರ ಗಂಡ ಮುರಳೀಧರ ವಾಂತಿ ಮಾಡಿಕೊಂಡ. ಡಾಕ್ಟರ ಕಡೆಯ ಹುಡುಗಿ ಫೋನಿನಲ್ಲಿ, ಮನೆಯಲ್ಲಿ ಮೂವರಿಗೂ ತಲೆನೋವು, ಸುಸ್ತು ಎಂದರೆ ಕರೋನಾ ಇದ್ದರೂ ಇರಬಹುದು, ಟೆಸ್ಟ್ ಎಲ್ಲರಿಗೂ ಮಾಡುವಷ್ಟಿಲ್ಲ, ಪ್ಯಾರಸಿಟಮಾಲ್ ತಗೊಳ್ಳಿ, ಯಾರೂ ಮನೆ ಬಿಟ್ಟು ಹೊರಡಬೇಡಿ ಎಂದಳು. ಅಲ್ಲಿಗೆ ಕಾಲುವೆಯ ದಂಡೆಯೂ ತಪ್ಪಿತು.

ಈ ದಿನ ಯುಗಾದಿ. ಡಚ್ಚರ ನಾಡಿನ ನ್ಯೂವೆಗೈನ್‌ನ ಆ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಆರಕ್ಕೇ ಹರಳೆಣ್ಣೆ ಬಿಸಿಯಾಗಿತ್ತು. ಮೊದಲು ಮಗನಿಗೆ, ಆಮೇಲೆ ಸೊಸೆಗೆ, ಕೊನೆಗೆ ತನಗೆ ಎಂದು ಇಂದಿರಮ್ಮ ಸರದಿ ಹಚ್ಚಿದರು. ಎಣ್ಣೆ ಇಳಿಯಬೇಕೆಂದರೆ ಒಬ್ಬೊಬ್ಬರಿಗೂ ಅರ್ಧ ಗಂಟೆ ಸುಡುಸುಡು ನೀರು ಬೇಕು. ಮೈಸೂರಿನಲ್ಲಾದರೆ ಹಂಡೆಯಿಂದ ಮೊಗೆದು ಮೊಗೆದು ಸುರಿಯಬಹುದು, ಇಲ್ಲಿ ಅಡುಗೆಮನೆಯ ಗೋಡೆಬೀರುವಿನಲ್ಲಿ ಕೂತ ಗ್ಯಾಸ್ ಬಾಯ್ಲರ್ ಒಂದೇ ಸಮನೆ ಗುಂಯ್ಗುಡುತ್ತ ಉರಿದು ನೀರು ಕೊಡಬೇಕು. ಸ್ನಾನ ಮುಗಿಸಿದ ಮುರಳೀಧರ ಹಣೆಗೆ ಕುಂಕುಮವಿಟ್ಟುಕೊಂಡು, ಹೊಸ ಅಂಗಿ ತೊಟ್ಟು, ಕೆಳಗೆ ಹಳೆಯ ಪೈಜಾಮದಲ್ಲೇ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಮೀಟಿಂಗಿಗೆ ಕೂತ. ಈ ದೇಶಕ್ಕೆ ಯುಗಾದಿಯ ರಜೆ ಗೊತ್ತಿರಲಿಲ್ಲ. ಹೊರಗೆ ಬಿಸಿಲು ಕಣ್ಣು ಕುಕ್ಕುವಂತಿತ್ತು. ಆದರೆ ಪೂರ್ವದ ಗಾಳಿ ಚರ್ಮ ಸುಲಿಯುವಂತೆ ಬೀಸುತ್ತಿದ್ದುದರಿಂದ ಕಿಟಕಿಗಳೆಲ್ಲ ಮುಚ್ಚಿದ್ದವು. ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನ್ ಮಾತ್ರ ಭರ್ರೆಂದು ತಿರುಗುತ್ತಿತ್ತು. ಹೊಗೆಯನ್ನು ಛಾವಣಿಯ ಕೊಳವೆಗೆ ತಳ್ಳುವ ಅದನ್ನು ಫೆಬ್ರವರಿಯ ಒಂದು ಶನಿವಾರ ಮುರಳೀಧರ ತಾನೇ ಕೊಂಡು ತಂದು, ತಾನೇ ಡ್ರಿಲ್ ಹಿಡಿದು ಕೂರಿಸಿ, ಅದರ ಕೆಳಗೆ ಒಂದು ಕಾಗದ ಹಿಡಿದು, ಕಾಗದ ಹಾರಿ ಜಾಲರಿಗೆ ಅಂಟಿಕೊಂಡಾಗ ಏನೋ ಸಾಧಿಸಿದವನಂತೆ ನಕ್ಕಿದ್ದ. ಸಿಂಧೂರ ಬೇಳೆ ಬೇಯಿಸುತ್ತಿದ್ದಳು. ಬೇಳೆಯ ಕಡೆ ನೋಡಿದರೆ ಬೇಳೆ ಎರಡಾಗಿ ಕಾಣುತ್ತಿತ್ತು. ಹೂರಣಕ್ಕೆ ಬೆಲ್ಲ ಎಷ್ಟು ಹಾಕಿದೆ ಎನ್ನುವುದು ಮರೆತುಹೋಗಿ, ಇನ್ನೊಮ್ಮೆ ಹಾಕಿ, ಅದೂ ಮರೆತು ಸುಮ್ಮನೆ ನಿಂತಳು. ಒಂದು ಕಾಲದಲ್ಲಿ ಇವಳು ತೂಕ ಅಳತೆ ಎಂದರೆ ಪ್ರಾಣ ಬಿಡುತ್ತಿದ್ದವಳು. ಸರಸ್ವತಿಪುರಂನ ಕಾಲೇಜಿನಲ್ಲಿ ಏಳು ವರ್ಷ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿದವಳು. ‘ಒಂದು ಹನಿ ಜಾಸ್ತಿಯಾದರೂ ಪ್ರಯೋಗ ಕೆಟ್ಟಿತು ಅಂತಲೇ ಅರ್ಥ’ ಎಂದು ಕಣ್ಣು ಬಿಡುತ್ತಿದ್ದವಳು. ಈಗ ಅವಳ ವೀಸಾದ ಕಾಗದದಲ್ಲಿ ಡಿಪೆಂಡೆಂಟ್ ಎಂದು ಬರೆದಿತ್ತು. ಮೊದಲ ಸಲ ಓದಿದಾಗ ನಗು ಬಂದಿತ್ತು, ಎರಡನೆಯ ಸಲ ಬರಲಿಲ್ಲ.

“ಇದೇನೇ ಸಿಂಧೂ ಇದು?”

ಇಂದಿರಮ್ಮ ಗೋಡೆಬೀರುವಿನ ಮುಂದೆ ನಿಂತಿದ್ದರು. ತಲೆಯ ತುಂಬ ಎಣ್ಣೆ, ಕಣ್ಣಿಗೆ ಕನ್ನಡಕ, ಕೈಯಲ್ಲಿ ಮಡಿಸೀರೆ, ಅದನ್ನು ಎರಡೇ ಬೆರಳಿನಲ್ಲಿ ಎತ್ತಿ ಹಿಡಿದಿದ್ದರು. ಈ ಮನೆಯಲ್ಲಿ ಯಾರೂ ಮುಟ್ಟದಂತೆ ಮಡಿಸೀರೆ ಒಣಗಿಸುವುದಕ್ಕೆ ಜಾಗವೆಲ್ಲಿದೆ? ಬಂದ ವಾರದಲ್ಲೇ ಆಕೆ ಅದನ್ನು ಕಂಡುಹಿಡಿದಿದ್ದರು. ಬಾಯ್ಲರ್ ಇದ್ದ ಬೀರು ಬೆಚ್ಚಗಿರುತ್ತದೆ, ಯಾರೂ ಅಲ್ಲಿ ಕೈ ಹಾಕುವುದಿಲ್ಲ. ಎರಡು ಮೊಳೆಗೆ ದಾರ ಕಟ್ಟಿ ದಿನವೂ ಸೀರೆಯನ್ನು ಅಲ್ಲೇ ಹರವುತ್ತಿದ್ದರು. ಅಂದಿನಿಂದ ಆ ಬೀರು ದೇವರ ಗೂಡಿನಷ್ಟೇ ಮಡಿಯಾಗಿಬಿಟ್ಟಿತು. ಬಾಗಿಲಿಗೆ ಅರಿಶಿನ ಕುಂಕುಮವೂ ಬಿತ್ತು. ಸಿಂಧೂರ ಅದರ ಹಿಡಿಯನ್ನು ಮುಟ್ಟಿದವಳಲ್ಲ. ಇಂದಿರಮ್ಮನಾದರೂ ಹಾಸಿಗೆಯಿಂದ ಎದ್ದು ಕನ್ನಡಕವಿಲ್ಲದೆ ಹೋಗಿ ತಡಕಿ ಸೀರೆ ಎಳೆದುಕೊಳ್ಳುತ್ತಿದ್ದರೇ ಹೊರತು ಒಳಗೆ ಇಣುಕಿ ನೋಡಿದವರಲ್ಲ. ಈಗ ಆ ಕೆನೆಬಣ್ಣದ ಸೀರೆಯ ನಡುವೆ ಅಂಗೈಯಗಲದ ಕಪ್ಪು ಕಲೆ ಇತ್ತು.

“ನಾನು ಮುಟ್ಟಿಲ್ಲ ಅತ್ತೆ.”

“ಮುಟ್ದೆ ಇದು ತಾನಾಗೇ ಬಂತಾ? ಬಾಣಲೆ ಉಜ್ಜಿದ ಕೈಲೇ ಬೀರು ತೆಗ್ದಿದೀಯ. ಮುಟ್ದೆ ಅಂತ ಹೇಳ್ಬಿಟ್ರೆ ಮುಗೀತು, ನಾನೇನು ನಿನ್ನ ಗಲ್ಲಿಗೆ ಹಾಕ್ತೀನಾ?”

“ಎರಡು ತಿಂಗಳಿಂದ ಆ ಬಾಗಿಲು ತೆಗ್ದೇ ಇಲ್ಲ ನಾನು. ಯಾಕೆ ಸುಳ್ಳು ಹೇಳ್ಲಿ?”

“ಹೋಗ್ಲಿ ಬಿಡಮ್ಮ. ಹಬ್ಬದ ದಿನ ಯಾಕೆ ಮಾತು. ತಲೆ ಬೇರೆ ದಿಮ್ ಅಂತಿದೆ, ಕಾಲೇ ನಿಲ್ತಿಲ್ಲ ನಂಗೆ. ಸ್ನಾನ ಮಾಡ್ಕೊಂಡು ಬಂದ್ಬಿಡ್ತೀನಿ. ಬೇವು ಬೆಲ್ಲ ಕಲಸಿಡು. ಒಗ್ಗರಣೆ ನಾನು ಬಂದ್ಮೇಲೆ ಹಾಕಿವಂತೆ.”

ಸೀರೆಯನ್ನು ಕುರ್ಚಿಯ ಮೇಲೆ ಎಸೆದು, ಗೋಡೆ ಹಿಡಿದುಕೊಂಡು ಹೋಗಿ, ಆಕೆ ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದಾಯಿತು. ನೀರು ಬಿಟ್ಟ ಸದ್ದು. ಬೀರುವಿನೊಳಗೆ ಬಾಯ್ಲರ್ ಭುಗ್ಗೆಂದು ಹೊತ್ತಿಕೊಂಡ ಸದ್ದು. ಸಿಂಧೂರ ಬೇವಿನ ಹೂವಿಗೆ ಬೆಲ್ಲ ಹಾಕಿ ಚಮಚದಲ್ಲಿ ಕಲಸುತ್ತ ನಿಂತಳು. ಒಣಗಿದ ಆ ಹೂವು ಇಂದಿರಮ್ಮನ ಸೂಟ್‌ಕೇಸಿನಲ್ಲಿ ಮಾತ್ರೆಗಳ ಡಬ್ಬಿಯ ಪಕ್ಕ ಕೂತು ಬಂದಿತ್ತು. ಅತ್ತೆ ಯುಗಾದಿಗೂ ಇಲ್ಲೇ ಇರುತ್ತಾರೆಂದು ಬರುವಾಗಲೇ ಗೊತ್ತಿತ್ತು, ಆದರೂ ಆ ಪೊಟ್ಟಣ ನೋಡಿದಾಗಲೆಲ್ಲ ಅವಳಿಗೆ ಯಾರೋ ತನ್ನ ಮೇಲೆ ಭರವಸೆಯಿಲ್ಲದೆ ಊಟ ಕಟ್ಟಿಕೊಂಡು ಬಂದಂತೆ ಅನ್ನಿಸುತ್ತಿತ್ತು. ಕಣ್ಣಲ್ಲಿ ನೀರು ತುಂಬಿತು. ಮಾಡದ ತಪ್ಪಿಗೆ ಬೈಸಿಕೊಂಡರೆ ಅವಳಿಗೆ ಚಿಕ್ಕಂದಿನಿಂದಲೂ ಹೀಗೆ, ಮಾಡಿದ ತಪ್ಪಿಗೆ ಬೈಸಿಕೊಂಡಾಗ ಅಳು ಬರುವುದಿಲ್ಲ. ಡಾಕ್ಟರ ಹುಡುಗಿ ಏನು ಬೇಕಾದರೂ ಹೇಳಲಿ, ಒಂದು ನಿಮಿಷ ಗಾಳಿ ಬೇಕು. ಸೀರೆಯನ್ನು ಬಾಚಿಕೊಂಡು, ಕೈಯಲ್ಲಿದ್ದ ಚಮಚದ ಸಮೇತ ಮುಂಬಾಗಿಲು ತೆಗೆದು, ಮನೆಗಳ ಮುಂದೆ ಹಾಯುವ ತೆರೆದ ಗ್ಯಾಲರಿಗೆ ಬಂದಳು.

ಎಲ್ಲ ಮನೆಗಳ ಅಡುಗೆಮನೆ ಕಿಟಕಿಗಳೂ ಆ ಉದ್ದನೆಯ ಗ್ಯಾಲರಿಯ ಕಡೆಗೇ ಮುಖ ಮಾಡಿದ್ದವು. ಯಾರು ಏನು ಬೇಯಿಸಿದರೂ ನಡೆದು ಹೋಗುವವರಿಗೆ ಗೊತ್ತಾಗುತ್ತಿತ್ತು, ಅಥವಾ ಇವರ ಮನೆಯದ್ದು ಮಾತ್ರ ಗೊತ್ತಾಗುತ್ತಿತ್ತು. ಡಿಸೆಂಬರಿನಲ್ಲಿ ಪಕ್ಕದ ಮನೆಯ ಮೆವ್ರೌ ಡೆಕರ್, ಇಲ್ಲಿ ಶ್ರೀಮತಿಗೆ ಮೆವ್ರೌ ಎನ್ನುತ್ತಾರೆ, ಬಾಗಿಲು ತಟ್ಟಿ, ರಿಬ್ಬನ್ ಕಟ್ಟಿದ ಒಂದು ಡಬ್ಬಿ ಕೊಟ್ಟಿದ್ದಳು. ಒಳಗೆ ಲ್ಯಾವೆಂಡರ್ ಪರಿಮಳದ ಮೇಣದಬತ್ತಿ. ನಿಮ್ಮ ಅಡುಗೆ ಬಹಳ ರುಚಿಯಾಗಿಯೇ ಇರುತ್ತದೆ, ಅದರಲ್ಲಿ ಅನುಮಾನವಿಲ್ಲ, ಆದರೆ ನನ್ನ ಪರದೆಗಳಿಗೆ ಹಿಡಿದದ್ದು ತೊಳೆದರೂ ಹೋಗುತ್ತಿಲ್ಲ ನೋಡಿ, ಎಂದು ನಗುನಗುತ್ತಲೇ ಹೇಳಿದ್ದಳು. ಸಿಂಧೂರಳೂ ನಗುನಗುತ್ತಲೇ ಥ್ಯಾಂಕ್ಸ್ ಹೇಳಿದ್ದಳು. ಬಾಗಿಲು ಹಾಕಿದ ಮೇಲೆ ತನ್ನ ಸೆರಗನ್ನು, ಜಡೆಯನ್ನು, ಸ್ವೆಟರಿನ ತೋಳನ್ನು ಒಂದೊಂದಾಗಿ ಮೂಸಿ ನೋಡಿಕೊಂಡಿದ್ದಳು. ಸೂಪರ್ ಮಾರ್ಕೆಟ್ಟಿನ ಸಾಲಿನಲ್ಲಿ ಮುಂದಿನವರು ಒಂದು ಹೆಜ್ಜೆ ಸರಿದರೆ ಇದಕ್ಕೇ ಎಂದುಕೊಂಡಿದ್ದಳು. ಒಂದೂವರೆ ಮೀಟರ್ ದೂರ ನಿಲ್ಲಬೇಕೆಂದು ಸರಕಾರವೇ ಹೇಳಿದ ದಿನ ಅವಳಿಗೆ ಒಳಗೊಳಗೇ ಎಂಥದೋ ನಿರಾಳವಾಗಿತ್ತು, ಇನ್ನು ಎಲ್ಲರೂ ಎಲ್ಲರಿಂದಲೂ ದೂರ ನಿಲ್ಲುತ್ತಾರಲ್ಲ ಎಂದು. ಜನವರಿಯಲ್ಲಿ, ಅತ್ತೆ ಬಂದ ಮರು ಶನಿವಾರ, ಸ್ಟೂಲು ಹತ್ತಿ ಅಡುಗೆಮನೆಯ ಕಿಟಕಿಯ ಮೇಲಿದ್ದ ಗಾಳಿಕಿಂಡಿಗೆ ಕಂದು ಪ್ಯಾಕಿಂಗ್ ಟೇಪು ಅಂಟಿಸಿದ್ದಳು. ಒಂದು ಸುತ್ತು ಸಾಲದೆನಿಸಿ ಮೂರು ಸುತ್ತು. ಮುಂಬಾಗಿಲಿನ ಸಂದಿಗೆ ಸ್ಪಂಜಿನ ಪಟ್ಟಿ. ಇನ್ನು ನಮ್ಮ ಇಂಗು ನಮ್ಮಲ್ಲೇ ಇರಲಿ ಎಂದು ಅತ್ತೆಗೆ ಹೇಳಿ ಇಬ್ಬರೂ ನಕ್ಕಿದ್ದರು. ಈಗ ಹೊರಗಿನಿಂದ ನೋಡಿದರೆ ಕಿಂಡಿಯ ಜಾಲರಿಯ ಹಿಂದೆ ಆ ಟೇಪಿನ ಅಂಟು ಬೆನ್ನು ಕಾಣುತ್ತಿತ್ತು. ಅದಕ್ಕೊಂದು ನೊಣ ಅಂಟಿಕೊಂಡು ಸತ್ತಿತ್ತು.

ತಣ್ಣನೆಯ ಗಾಳಿ ಮೂಗಿಗೆ ಹೋದದ್ದೇ ಹಣೆಯ ಪಟ್ಟಿ ಒಂದಿಷ್ಟು ಸಡಿಲವಾಯಿತು. ಇಗೋ, ಕೆಟ್ಟ ಸೊಸೆ ಚೇತರಿಸಿಕೊಂಡಳು, ಎಂದುಕೊಂಡಳು ಸಿಂಧೂರ. ಸೀರೆಯ ಕಲೆಯನ್ನು ಬಿಸಿಲಿಗೆ ಹಿಡಿದು ಉಗುರಿನಿಂದ ಕೆರೆದಳು. ಬಾಣಲೆಯದಾಗಿದ್ದರೆ ಜಿಡ್ಡಿರಬೇಕಿತ್ತು. ಇದರಲ್ಲಿ ಜಿಡ್ಡಿರಲಿಲ್ಲ. ಮೆದುವಾಗಿ, ಒಣಗಿ, ಬೆರಳಿಗೆ ಕಾಡಿಗೆಯ ಹಾಗೆ ಹತ್ತಿತು. ಮಸಿ. ಗ್ಯಾಸಿನ ಉರಿಗೆ ಎಲ್ಲಿಯ ಮಸಿ? ಗ್ಯಾಸು ನೀಲಿಯಾಗಿ ಉರಿದರೆ ಮಸಿ ಬರುವುದಿಲ್ಲ. ಗಾಳಿ ಸಾಲದಿದ್ದರೆ ಜ್ವಾಲೆ ಹಳದಿಯಾಗುತ್ತದೆ, ಮಸಿ ಬರುತ್ತದೆ, ಮಸಿಯ ಜೊತೆಗೆ ಇನ್ನೊಂದು ಬರುತ್ತದೆ. ಅವಳಿಗೆ ತನ್ನದೇ ದನಿ ಕೇಳಿಸಿತು, ಕಪ್ಪು ಹಲಗೆಯ ಮುಂದೆ ನಿಂತ, ಗಂಟಲು ಕಟ್ಟಿದ, ಗದರುವ ದನಿ. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಲಕ್ಷಣಗಳು ತಲೆನೋವು, ವಾಕರಿಕೆ, ತಲೆಸುತ್ತು, ಮರೆವು, ಆಮೇಲೆ ಪ್ರಜ್ಞೆ ತಪ್ಪುವುದು. ಬರ್ಕೊಳ್ರೋ, ಎರಡು ಮಾರ್ಕಿಗೆ ಬಂದೇ ಬರುತ್ತೆ. ಏಳು ವರ್ಷ ಪ್ರತಿ ಆಗಸ್ಟಿನಲ್ಲಿ ಇದನ್ನೇ ಹೇಳಿದ್ದಳು. ಇಡೀ ಚಳಿಗಾಲ ವಾಸನೆಗೆ ಹೆದರಿ, ವಾಸನೆಯನ್ನೇ ಬೇಟೆಯಾಡಿ, ವಾಸನೆ ಹೊರಗೆ ಹೋಗುವ ದಾರಿಯನ್ನೆಲ್ಲ ಮುಚ್ಚಿ ಕೂತಿದ್ದಳು. ಕಿಂಡಿ ಮುಚ್ಚಿದೆ. ಒಳಗಿನ ಗಾಳಿಯನ್ನು ಎಕ್ಸಾಸ್ಟ್ ಫ್ಯಾನು ಹೊರಗೆ ತಳ್ಳುತ್ತಿದೆ. ಅಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಉಳಿದದ್ದು ಒಂದೇ ದಾರಿ, ಬಾಯ್ಲರಿನ ಹೊಗೆ ಕೊಳವೆ. ಹೊಗೆ ಮೇಲೆ ಹೋಗುತ್ತಿಲ್ಲ, ಕೆಳಗೆ ಬರುತ್ತಿದೆ. ಬೆಳಿಗ್ಗೆ ಆರರಿಂದ ಮೂವರ ಎಣ್ಣೆಸ್ನಾನಕ್ಕೆ ಉರಿದದ್ದೆಲ್ಲ ಮನೆಯೊಳಗೇ ಇದೆ. ಅತ್ತೆ ಬಚ್ಚಲಿನಲ್ಲಿದ್ದಾರೆ.

ಒಳಗೆ ನುಗ್ಗಿ ಮೊದಲು ಬೀರು ತೆಗೆದಳು. ಬಾಯ್ಲರಿನ ಪುಟ್ಟ ಗಾಜಿನ ಹಿಂದೆ ಜ್ವಾಲೆ ದೀಪಾವಳಿಯ ಹಣತೆಯ ಹಾಗೆ ಹಳದಿಯಾಗಿ ಓಲಾಡುತ್ತಿತ್ತು. ಎಷ್ಟು ಚೆನ್ನಾಗಿದೆ ಎನ್ನಿಸಿದ್ದಕ್ಕೆ ಅವಳಿಗೆ ಆಮೇಲೆ ಎಷ್ಟೋ ದಿನ ಮೈ ಉರಿಯುತ್ತಿತ್ತು. ಬಾಯ್ಲರಿನ ಪ್ಲಗ್ಗು ಕಿತ್ತಳು, ಫ್ಯಾನು ಆರಿಸಿದಳು, ಅಡುಗೆಮನೆಯ ಕಿಟಕಿ ತೆರೆದಳು. ಬಚ್ಚಲ ಬಾಗಿಲು ಬಡಿದಳು. “ಅತ್ತೆ! ಅತ್ತೆ, ಬಾಗಿಲು ತೆಗೀರಿ!” ನೀರು ಬೀಳುವ ಸದ್ದು ಬಿಟ್ಟರೆ ಉತ್ತರವಿರಲಿಲ್ಲ. ಮಲಗುವ ಕೋಣೆಗೆ ಓಡಿ ಗಂಡನ ಕಿವಿಯಿಂದ ಹೆಡ್‌ಫೋನ್ ಕಿತ್ತೆಳೆದಳು.

“ಏನ್ ಮಾಡ್ತಿದೀಯ ಸಿಂಧೂ, ಮ್ಯಾನೇಜರ್ ಲೈನಲ್ಲಿದಾನೆ!”

“ನಿಮ್ಮಮ್ಮ ಒಳಗೆ ಬಿದ್ದಿದಾರೆ. ಮನೆ ತುಂಬ ಗ್ಯಾಸಿದೆ. ಏಳು.”

“ಗ್ಯಾಸಾ? ವಾಸನೇನೇ ಇಲ್ವಲ್ಲ.”

“ಅದಕ್ಕೇ!” ಎಂದು ಕಿರುಚಿದಳು.

ಮುರಳೀಧರ ಎದ್ದು ಬಂದವನು ಬಚ್ಚಲ ಬಾಗಿಲಿನ ಮುಂದೆ ನಿಂತುಬಿಟ್ಟ. ಅವನ ಮುಖ ಬಿಳಿಚಿಕೊಂಡಿತ್ತು. “ಅಮ್ಮ ಸ್ನಾನ ಮಾಡ್ತಿದಾಳೆ ಕಣೇ. ಎಣ್ಣೆ ಹಚ್ಕೊಂಡು... ನಾನು ಹೇಗೆ...” ಎಂದ. ಆ ಒಂದು ಕ್ಷಣ ಸಿಂಧೂರಳಿಗೆ ಅವನ ಮೇಲೆ ಬಂದ ಸಿಟ್ಟು ಮದುವೆಯಾದ ಆರು ವರ್ಷದಲ್ಲಿ ಎಂದೂ ಬಂದಿರಲಿಲ್ಲ. “ಕಣ್ಣು ಮುಚ್ಕೊಂಡು ಎತ್ತು, ಎತ್ತು ಅಷ್ಟೆ” ಎಂದಳು. ಹೊರಗಿನಿಂದಲೂ ತಿರುವಲು ಬರುವಂತೆ ಬಾಗಿಲ ಹೊರಗಿದ್ದ ಚಿಲಕದ ಸೀಳಿಗೆ ಬೇವು ಬೆಲ್ಲದ ಚಮಚದ ಹಿಡಿ ತೂರಿಸಿ ತಿರುವಿದಳು. ಮೊದಲು ಜಾರಿತು, ಎರಡನೆಯ ಸಲ ತಿರುಗಿತು. ಇಂದಿರಮ್ಮ ಗೋಡೆಗೊರಗಿ ಕೂತಿದ್ದರು, ತಲೆ ಎದೆಯ ಮೇಲೆ ಬಾಗಿತ್ತು, ಸುಡುವ ನೀರು ತೊಡೆಯ ಮೇಲೆ ಬೀಳುತ್ತಿತ್ತು. ಹಿಡಿದರೆ ಹರಳೆಣ್ಣೆಗೆ ಮೈ ಜಾರುತ್ತಿತ್ತು. ತೋಳು ಹಿಡಿದರೆ ತೋಳು ಜಾರಿತು, ಕಂಕುಳಿಗೆ ಕೈ ಹಾಕಿದರೆ ಅದೂ ಜಾರಿತು. ಕೊನೆಗೆ ಸಿಂಧೂರ ಮಡಿಸೀರೆಯನ್ನು ಆಕೆಗೆ ಸುತ್ತಿ ಅದರ ಎರಡು ತುದಿ ಹಿಡಿದು ಎಳೆದಳು, ಮುರಳೀಧರ ಕಾಲು ಹಿಡಿದ. ಹೊಸ್ತಿಲ ಮೇಲೆ ಹಾಯುವಾಗ ಅವಳ ಕಣ್ಣು ಕತ್ತಲಿಟ್ಟಿತು. ಈಗ ನಾನು ಬಿದ್ದರೆ ಇವರನ್ನು ಎಳೆಯುವವರು ಯಾರೂ ಇಲ್ಲ ಎಂದುಕೊಂಡು ಬೀಳಲಿಲ್ಲ.

ಗ್ಯಾಲರಿಯ ತಣ್ಣನೆಯ ಸಿಮೆಂಟಿನ ಮೇಲೆ, ಬಿಸಿಲಿನಲ್ಲಿ, ಮಸಿ ಹಿಡಿದ ಸೀರೆಯಲ್ಲಿ ಇಂದಿರಮ್ಮ ಮಲಗಿದ್ದರು. ಉಸಿರಿತ್ತು, ಆದರೆ ತೆಳ್ಳಗೆ. ಆಚೆ ಈಚೆಯ ನಾಲ್ಕಾರು ಬಾಗಿಲುಗಳು ತೆರೆದವು. ಮೆವ್ರೌ ಡೆಕರ್ ಗಂಟಲಿಗೆ ಶಾಲು ಒತ್ತಿ ಹಿಡಿದು ಹೊರಗೆ ಬಂದವಳು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಮುರಳೀಧರ ತುರ್ತಿನ ನಂಬರು ಒಂದು ಒಂದು ಎರಡು ಒತ್ತಿ, ಇಂಗ್ಲಿಷಿನಲ್ಲಿ, ನನ್ನ ತಾಯಿಗೆ ಪ್ರಜ್ಞೆ ಇಲ್ಲ, ಕರೋನಾ ಇರಬಹುದು ಎನ್ನತೊಡಗಿದ. ಸಿಂಧೂರ ಫೋನು ಕಿತ್ತುಕೊಂಡಳು. “ಗೇನ್ ಕರೋನಾ!” ಎಂದು ಇಡೀ ಗ್ಯಾಲರಿಗೆ ಕೇಳುವಂತೆ ಕೂಗಿದಳು. ಕರೋನಾ ಅಲ್ಲ. ಕಾರ್ಬನ್ ಮೊನಾಕ್ಸೈಡ್. ಬಾಯ್ಲರ್. ಅವಳಿಗೆ ಬರುತ್ತಿದ್ದ ಡಚ್ಚು ಅರವತ್ತು ಶಬ್ದ ಇದ್ದೀತು, ಆ ಅರವತ್ತನ್ನೂ ಹಿಂದು ಮುಂದಾಗಿ ಬಳಸಿದಳು. ಆ ಕಡೆಯವಳು, ಅದು ನಿಮಗೆ ಹೇಗೆ ಗೊತ್ತು ಎಂದಳು. “ನಾನು ಕೆಮಿಸ್ಟ್ರಿ ಟೀಚರ್” ಎಂದಳು ಸಿಂಧೂರ. ಈ ದೇಶಕ್ಕೆ ಬಂದು ಎರಡು ವರ್ಷದಲ್ಲಿ ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.

“ಸಿಂಧೂ, ಎಲ್ಲಾರೂ ನೋಡ್ತಿದಾರೆ. ಅಮ್ಮನ ಮೈ ಮೇಲೆ ಬಟ್ಟೆ ನೆಟ್ಟಗಿಲ್ಲ. ಕಿಟಕಿ ತೆಗ್ದಿದೀಯಲ್ಲ, ಒಳಗೆ ಸೋಫಾ ಮೇಲೆ ಮಲಗಿಸೋಣ. ಈ ಚಳೀಲಿ ನ್ಯುಮೋನಿಯಾ ಆಗತ್ತೆ.”

“ಯಾರೂ ಒಳಗೆ ಹೋಗೋ ಹಾಗಿಲ್ಲ.”

“ಬ್ಲ್ಯಾಂಕೆಟ್ಟಾದ್ರೂ ತರ್ತೀನಿ ಕಣೇ.”

“ಮುರಳಿ, ನೀನು ಒಳಗೆ ಕಾಲಿಟ್ರೆ ನಾನು ನಿನ್ನ ಕಾಲು ಮುರೀತೀನಿ. ನೋಡ್ಲಿ ಬಿಡು. ಚೆನ್ನಾಗಿ ನೋಡ್ಲಿ.” ಅತ್ತೆಯೆದುರು ಅವಳು ಗಂಡನನ್ನು ‘ರೀ’ ಎಂದೇ ಕರೆಯುತ್ತಿದ್ದುದು, ನೀನು ಎನ್ನುತ್ತಿದ್ದುದು ಇಬ್ಬರೇ ಇದ್ದಾಗ. ಬಾಗಿಲಿಗೆ ಅಡ್ಡ ಎರಡೂ ಕೈ ಚಾಚಿ ನಿಂತಳು. ತನ್ನ ಸ್ವೆಟರು ಬಿಚ್ಚಿ ಅವನತ್ತ ಎಸೆದಳು. ಅವನು ಅದನ್ನು ತಾಯಿಯ ಕಾಲಿಗೆ ಹೊದಿಸಿ, ತನ್ನ ಹೊಸ ಅಂಗಿಯನ್ನೂ ಬಿಚ್ಚಿ ಎದೆಗೆ ಹೊದಿಸಿ, ಬನೀನಿನಲ್ಲಿ ನಡುಗುತ್ತ ತಲೆಯ ಹತ್ತಿರ ಕೂತ. ಅಳುತ್ತಿದ್ದ. ಅವನ ಮೇಲಿನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು, ಉಳಿದರ್ಧವನ್ನು ಅವಳು ಇಳಿಯಲು ಬಿಡಲಿಲ್ಲ. ಇನ್ನೂ ಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಆಂಬ್ಯುಲೆನ್ಸಿನವರು ಮಾಸ್ಕು, ಕೈಗವಸು, ಪ್ಲಾಸ್ಟಿಕ್ಕಿನ ನಿಲುವಂಗಿ ತೊಟ್ಟು ಕರೋನಾಕ್ಕೆ ಸಜ್ಜಾಗಿಯೇ ಬಂದರು. ಅವರಲ್ಲೊಬ್ಬ ತಾಳ್ಮೆಯಿಂದ, ಮೇಡಂ, ಮೊದಲು ಜ್ವರ ನೋಡೋಣ ಎಂದ. ಮೊದಲು ಆಕ್ಸಿಜನ್ ಹಾಕಿ, ಆಮೇಲೆ ಏನು ಬೇಕಾದರೂ ನೋಡಿ ಎಂದಳು. ಅವನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ, ವಿಷಗಾಳಿ ಅಳೆಯುವ ಸಣ್ಣ ಮೀಟರು, ಅವನು ಹೊಸ್ತಿಲ ಹತ್ತಿರ ಬಗ್ಗಿದ ಕೂಡಲೇ ಕೀಂ ಕೀಂ ಎಂದು ಕೂಗಿಕೊಂಡಿತು. ಅವನು ಮೀಟರು ನೋಡಿದ, ಅವಳನ್ನು ನೋಡಿದ, ಆಕ್ಸಿಜನ್ನಿನ ಮುಖವಾಡಕ್ಕೆ ಕೈ ಹಾಕಿದ. ಆ ಕರ್ಕಶ ಸದ್ದು ಸಿಂಧೂರಳಿಗೆ ಮಂಗಳವಾದ್ಯದಂತೆ ಕೇಳಿಸಿತು. ಎರಡು ತಿಂಗಳು ಒಳಗೇ ಕೂತಿದ್ದ ಕೆಟ್ಟ ಸೊಸೆ ಎದ್ದು ಹೊರಟುಹೋದಳು. ಹೋಗುತ್ತ ಇನ್ನೊಬ್ಬಳನ್ನು ಕೂರಿಸಿ ಹೋದಳು. ಗಾಳಿಕಿಂಡಿಗೆ ಮೂರು ಸುತ್ತು ಟೇಪು ಅಂಟಿಸಿದವಳನ್ನು.

ಅಗ್ನಿಶಾಮಕದವರು ಬರುವಷ್ಟರಲ್ಲಿ ಇಂದಿರಮ್ಮ ಕಣ್ಣು ಅರ್ಧ ತೆರೆದು, ಏನೋ ಕೇಳಲು ಹೋಗಿ, ಮುಖವಾಡ ಅಡ್ಡ ಬಂದು, ಸ್ಟ್ರೆಚರಿನಲ್ಲಿ ಇಳಿದುಹೋಗಿದ್ದರು. ಜೊತೆಗೆ ಯಾರೂ ಬರುವಂತಿಲ್ಲ, ಆಸ್ಪತ್ರೆಗೆ ಯಾರನ್ನೂ ಬಿಡುತ್ತಿಲ್ಲ ಎಂದರು. ಉಳಿದಿಬ್ಬರಿಗೂ ಅಲ್ಲೇ ಗ್ಯಾಲರಿಯಲ್ಲಿ ಆಕ್ಸಿಜನ್ ಕೊಟ್ಟು ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದರು. ಮನೆಯೊಳಗೆ ಹೋಗಿ ಬಂದ ಅಗ್ನಿಶಾಮಕದವನು, ಅಷ್ಟು ಹೊತ್ತು ಕಿಟಕಿ ಬಾಗಿಲು ತೆರೆದಿದ್ದರೂ ಮೀಟರು ಹತ್ತು ಲಕ್ಷಕ್ಕೆ ಇನ್ನೂರು ಪಾಲು ದಾಟಿದೆ, ಇನ್ನರ್ಧ ಗಂಟೆಯಾಗಿದ್ದರೆ ಮಾತೇ ಬೇರೆ ಎಂದ. ಮೆವ್ರೌ ಡೆಕರ್ ಮನೆಯ ನಡುಮನೆಯಲ್ಲೂ ಮೀಟರು ಸಣ್ಣಗೆ ಕೀಂ ಎಂದಿತು. ಅವಳನ್ನೂ ಹೊರಗೆ ನಿಲ್ಲಿಸಿ, ಈ ದಿನ ಕಿಟಕಿ ಬಾಗಿಲು ಯಾವುದನ್ನೂ ಮುಚ್ಚಕೂಡದು ಎಂದರು. ಕಾಂಪೌಂಡಿನಲ್ಲಿ ಆಡಲು ಬಿಟ್ಟ ಮಕ್ಕಳಂತೆ ಎಲ್ಲರೂ ಒಂದೂವರೆ ಮೀಟರಿಗೊಬ್ಬರು ಗ್ಯಾಲರಿಯಲ್ಲಿ ನಿಂತಿದ್ದರು. ಆಗ ಅವನು ಒಳಗಿನಿಂದ ಕಂದು ಟೇಪಿನ ಉದ್ದನೆಯ ಸುರುಳಿಯೊಂದನ್ನು ಕೈಗವಸಿನಲ್ಲಿ ಹಿಡಿದು ತಂದ. ಇದನ್ನು ಹಚ್ಚಿದ್ದು ಯಾರು?

“ನಾವು ಬರೋ ಮುಂಚೇನೇ ಇತ್ತು” ಎಂದ ಮುರಳೀಧರ ಇಂಗ್ಲಿಷಿನಲ್ಲಿ, ತಟ್ಟನೆ. ಆಮೇಲೆ ಕನ್ನಡದಲ್ಲಿ, ತುಟಿ ಅಲುಗಿಸದೆ, “ಸುಮ್ನಿರು. ಓನರ್ ನಮ್ಮ ಮೇಲೇ ಹಾಕ್ತಾನೆ. ಮನೆ ಖಾಲಿ ಮಾಡಿ ಅಂದ್ರೆ ಈ ಟೈಮಲ್ಲಿ ಅಮ್ಮನ್ನ ಕರ್ಕೊಂಡು ಎಲ್ಲಿಗೆ ಹೋಗೋದು?” ಎಂದ.

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಒಂದು 'ಹೌದು' ಎಂದರೆ ಸಾಕು, ಅವಳೊಳಗೆ ಹೊಸದಾಗಿ ಬಂದು ಕೂತಿದ್ದವಳೂ ಎದ್ದು ಹೋಗುತ್ತಿದ್ದಳು. ಆದರೆ ಸಿಂಧೂರಳಿಗೆ ನಗುನಗುತ್ತ ಥ್ಯಾಂಕ್ಸ್ ಹೇಳಿದ ಆ ಡಿಸೆಂಬರಿನ ಸಂಜೆ ನೆನಪಾಯಿತು. ಮುಚ್ಚಿಡುವುದು ಅಂದು ಶುರುವಾದದ್ದು. ಮೊದಲು ವಾಸನೆ ಮುಚ್ಚಿಟ್ಟಳು, ಆಮೇಲೆ ತಲೆನೋವು. ಈಗ ಟೇಪನ್ನೂ ಮುಚ್ಚಿಡಬೇಕೇ? ಸಾಕು ಎನ್ನಿಸಿತು. ಮುಖವಾಡ ಕಿತ್ತು ಕೆಳಗಿಟ್ಟಳು.

“ನಾನು ಹಚ್ಚಿದ್ದು” ಎಂದಳು. “ಜನವರಿಯಲ್ಲಿ. ನನ್ನ ಅಡುಗೆಯ ವಾಸನೆ ಗ್ಯಾಲರಿಗೆ ಬರಬಾರದು ಅಂತ. ಈ ಮೇಡಂ ನನಗೆ ಮೇಣದಬತ್ತಿ ಕೊಟ್ಟಿದ್ದರು.” ಮೆವ್ರೌ ಡೆಕರ್ ತನ್ನ ಚಪ್ಪಲಿ ನೋಡಿಕೊಂಡಳು. ಅವಳ ಕಿವಿ ಕೆಂಪಾದದ್ದು ಚಳಿಗೆ ಇರಲಾರದು. ಅಷ್ಟರಲ್ಲಿ ಮುರಳೀಧರನ ಫೋನಿನಲ್ಲಿ ಮನೆಯ ಮಾಲೀಕ ಬಂದಿದ್ದ. ಟೇಪಿನ ವಿಷಯ ಕೇಳಿದ್ದೇ ಅವನ ದನಿ ಗಟ್ಟಿಯಾಯಿತು. ನೀವೇ ಮಾಡಿಕೊಂಡದ್ದು, ಫ್ಯಾನು ಯಾರನ್ನು ಕೇಳಿ ಕೂರಿಸಿದಿರಿ, ಇದು ಸಂಪೂರ್ಣ ನಿಮ್ಮ ಜವಾಬ್ದಾರಿ ಎಂದ. “ಟೇಪು ನನ್ನದು. ಫ್ಯಾನೂ ನಮ್ಮದೇ” ಎಂದಳು ಸಿಂಧೂರ ಸ್ಪೀಕರಿನತ್ತ ಬಗ್ಗಿ. “ಒಪ್ಪಿಕೊಂಡೆ, ಎಲ್ಲಿ ಬೇಕಾದರೂ ಬರೆದು ಕೊಡುತ್ತೇನೆ. ಆ ಬಾಯ್ಲರಿಗೆ ಅಂಟಿಸಿದ ಚೀಟಿಯಲ್ಲಿ ಕೊನೆಯ ಸರ್ವಿಸು ಎರಡು ಸಾವಿರದ ಹದಿಮೂರು ಅಂತಿದೆಯಂತೆ. ಈಗ ತಾನೇ ಇವರು ಓದಿ ಹೇಳಿದರು. ಅದು ಯಾರದು? ಅಡುಗೆಮನೆಯ ಗಾಳಿಯನ್ನೇ ಕುಡಿದು ಉರಿಯುವ ಯಂತ್ರ ಇದು, ಕಿಂಡಿ ಮುಚ್ಚಬೇಡಿ ಅಂತ ಮನೆ ಕೊಡುವಾಗ ಒಂದು ಮಾತು ಹೇಳಬೇಕಾದವರು ಯಾರು? ಗೋಡೆಯ ಮೇಲೆ ಒಂದು ಅಲಾರಂ ಇದ್ದಿದ್ದರೆ ಜನವರಿಯಲ್ಲೇ ಕೂಗುತ್ತಿತ್ತು. ನೀವು ಮನೆ ಬಿಡಿಸುತ್ತೀರೋ, ಬಾಯ್ಲರ್ ಬದಲಾಯಿಸುತ್ತೀರೋ, ನಾಳೆ ಬೆಳಿಗ್ಗೆ ಇವರ ವರದಿ ಕೈಯಲ್ಲಿಟ್ಟುಕೊಂಡು ಮಾತಾಡಿ.” ಅಗ್ನಿಶಾಮಕದವನು ಟೇಪನ್ನು ಚೀಲಕ್ಕೆ ಹಾಕಿ, ಅವಳ ಹೆಸರು ಕೇಳಿ, ಒಂದೊಂದೇ ಅಕ್ಷರ ಬಿಡಿಸಿಕೊಂಡು ಬರೆದುಕೊಂಡ.

ಸಂಜೆ ಐದರ ಸುಮಾರಿಗೆ ಆಸ್ಪತ್ರೆಯಿಂದ ಫೋನು ಬಂತು. ಗಂಡಾಂತರ ಕಳೆಯಿತು, ಎರಡು ದಿನ ಇಟ್ಟುಕೊಳ್ಳುತ್ತೇವೆ, ತೊಡೆಯ ಮೇಲೆ ಸುಟ್ಟ ಗಾಯವಿದೆ ಎಂದರು. ಆಮೇಲೆ ಇಂದಿರಮ್ಮನ ದನಿ, ಬಾವಿಯೊಳಗಿಂದ ಬಂದ ಹಾಗೆ.

“ಸಿಂಧೂ, ನನ್ನ ಮಡಿಸೀರೆ ಮುಟ್ಟಿದ್ಯಾ?”

“ಮುಟ್ಟಿದೆ ಅತ್ತೆ. ಸುತ್ತಿ ಎಳ್ಕೊಂಡು ಬಂದೆ.”

“ಬೆಳಗ್ಗೆ ಮುಟ್ಟಿರ್ಲಿಲ್ಲ, ಅಲ್ವಾ?”

“ಇಲ್ಲ ಅತ್ತೆ.”

“ಹೂಂ. ಆ ಬೀರು ಮುಟ್ಟಿದ್ರೇ ಚೆನ್ನಾಗಿತ್ತು. ಹಬ್ಬದ ದಿನ ಹಾಗೇ ಮಲಗ್ಬೇಡಿ. ಏನಾದ್ರೂ ಮಾಡ್ಕೊಂಡು ತಿನ್ನಿ.”

ಫೋನು ಇಟ್ಟ ಮೇಲೆ ಸಿಂಧೂರ ಸ್ವಲ್ಪ ಹೊತ್ತು ಅತ್ತಳು. ಮನೆ ಬಯಲಿನಷ್ಟು ತಣ್ಣಗಿತ್ತು. ಗ್ಯಾಸಿನ ಕೊಳವೆಗೆ ಕೆಂಪು ಸೀಲು ಬಿದ್ದಿತ್ತು. ಬೀರುವಿನ ಬಾಗಿಲ ಮೇಲೆ ಅರಿಶಿನ ಕುಂಕುಮ ಇನ್ನೂ ಹಾಗೇ ಇತ್ತು. ಗಾಳಿಕಿಂಡಿಯ ಜಾಲರಿಯಿಂದ ಸಂಜೆಯ ಬಿಸಿಲು ಪಟ್ಟೆಪಟ್ಟೆಯಾಗಿ ಗೋಡೆಯ ಮೇಲೆ ಬಿದ್ದಿತ್ತು. ಅಲ್ಲಿಗೆ ಬಿಸಿಲು ಬೀಳುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಅಟ್ಟದ ಪೆಟ್ಟಿಗೆಯಿಂದ ಮುರಳೀಧರನ ಬ್ರಹ್ಮಚಾರಿ ಕಾಲದ ಕರೆಂಟು ಒಲೆ ಇಳಿಸಿ, ತೆರೆದ ಕಿಟಕಿಯ ಕೆಳಗೇ ಇಟ್ಟಳು. ಬೆಳಿಗ್ಗೆ ಬಸಿದಿಟ್ಟ ಬೇಳೆಕಟ್ಟಿತ್ತು, ಅದಕ್ಕೊಂದು ಒಗ್ಗರಣೆ ಬಿದ್ದರೆ ಹೋಳಿಗೆ ಸಾರು. ಪಕ್ಕದ ಮನೆಯ ಕಿಟಕಿಯೂ ಅಗ್ನಿಶಾಮಕದವರ ಅಪ್ಪಣೆಯಂತೆ ಹಾರುಹೊಡೆದು ತೆರೆದಿತ್ತು. ಒಳಗೆ ತೊಳೆದು ಇಸ್ತ್ರಿ ಮಾಡಿದ ಪರದೆಗಳು ಗಾಳಿಗೆ ಆಡುತ್ತಿದ್ದವು. ತುಪ್ಪ ಕಾಯಿತು. ಸಾಸಿವೆ ಹಾಕಿದ ಕೂಡಲೇ ಮುರಳೀಧರ ಅಭ್ಯಾಸಬಲದಿಂದ ಎದ್ದು ಬಂದು ಕಿಟಕಿಯ ಹಿಡಿಗೆ ಕೈ ಹಾಕಿದ.

“ಕೈ ತೆಗಿ” ಎಂದಳು.

ಅವನು ಕೈ ತೆಗೆದ. ಸಾಸಿವೆ ಚಟಪಟ ಸಿಡಿಯಿತು. ಸಿಂಧೂರ ಇಂಗಿನ ಡಬ್ಬಿ ತೆಗೆದು, ಒಂದು ಚಿಟಿಕೆ ಹಾಕಿದಳು, ಪಕ್ಕದ ಕಿಟಕಿಯ ಕಡೆ ಒಮ್ಮೆ ನೋಡಿ ಇನ್ನೊಂದು ಚಿಟಿಕೆ ಹಾಕಿದಳು.